ಹೊಸ ಆವೃತ್ತಿಯ ಹಳೆಯ ಋಣ

ಸಾಫ್ಟ್‌ವೇರ್ ಸಿಂಥಸೈಜರ್‌ಗಳಲ್ಲಿ ಕೆಲಸ ಮಾಡುವ ಸಂಗೀತಗಾರರಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಸಂಗವಿದು. ನಾಲ್ಕಾರು ವರ್ಷ ಹಿಂದಿನ ಹಾಡೊಂದನ್ನು ಮತ್ತೆ ತೆರೆಯಬೇಕಾಗಿ ಬರುತ್ತದೆ. ನಡುವೆ ಸಿಂತ್‌ನ ಹೊಸ ಆವೃತ್ತಿ ಬಂದಿರುತ್ತದೆ, ಅದನ್ನು ಹಾಕಿಕೊಂಡೂ ಆಗಿರುತ್ತದೆ. ಪ್ರಾಜೆಕ್ಟ್ ತೆರೆಯುತ್ತದೆ. ಪ್ರೀಸೆಟ್‌ನ ಹೆಸರು ಪರದೆಯ ಮೇಲೆ ಮೊದಲಿನಂತೆಯೇ ಇದೆ, ನಾಬ್‌ಗಳೂ ನಿಂತಲ್ಲೇ ನಿಂತಿವೆ. ಕೀಬೋರ್ಡಿನ ಮೇಲೆ ಬೆರಳಿಟ್ಟರೆ ಕೇಳುವುದು ಮಾತ್ರ ಬೇರೆ ನಾದ. ಮೊದಲು ಮೆತ್ತಗೆ ತೆರೆದುಕೊಳ್ಳುತ್ತಿದ್ದ ಸ್ವರ ಈಗ ಮೊಂಡಾಗಿದೆ, ಅಥವಾ ಗಾಯಕಿಯ ದನಿಗೆ ಜಾಗ ಬಿಟ್ಟು ಕೂತಿದ್ದ ಬೇಸ್ ಈಗ ಎಲ್ಲರ ಮೇಲೂ ಏರಿ ಬಂದಿದೆ.

ಇದನ್ನು ತಾಂತ್ರಿಕ ಕಿರಿಕಿರಿ ಎಂದು ಬದಿಗೆ ಸರಿಸುವವರಿದ್ದಾರೆ. ನನಗೆ ಇದು ನೈತಿಕ ಪ್ರಶ್ನೆಯಾಗಿ ಕಾಣುತ್ತದೆ. ಒಬ್ಬರು ಮಾಡಿಕೊಟ್ಟ ವಾದ್ಯವನ್ನು ನಂಬಿ ಇನ್ನೊಬ್ಬರು ಒಂದು ಕೃತಿ ಕಟ್ಟಿದ್ದಾರೆ. ಆ ಮೇಲೆ ವಾದ್ಯ ಬದಲಾಗಿ ಕೃತಿ ಕೆಟ್ಟರೆ ಹೊಣೆ ಯಾರದು? ವಾದ್ಯ ಸುಧಾರಿಸುವ ಹಕ್ಕು ತಯಾರಕರಿಗೆ ಖಂಡಿತ ಇದೆ. ಆದರೆ ಹಳೆಯ ಹೆಸರನ್ನು ಉಳಿಸಿಕೊಂಡು ಹಳೆಯ ಅರ್ಥವನ್ನು ಅಳಿಸಿಹಾಕುವ ಹಕ್ಕು ಇಲ್ಲ ಎಂಬುದು ನನ್ನ ವಾದ.

ಪ್ರೀಸೆಟ್ ಅಂದರೆ ಏನು ಎಂಬುದರಿಂದಲೇ ಶುರುಮಾಡಬೇಕು. ಹೊರಗಿನವರು ಅದನ್ನು ಧ್ವನಿಮುದ್ರಣ ಎಂದುಕೊಳ್ಳುವುದುಂಟು. ಬಹುಪಾಲು ಪ್ರೀಸೆಟ್‌ಗಳ ಒಳಗೆ ಧ್ವನಿಯೇ ಇರುವುದಿಲ್ಲ. ಯಾವ ನಾಬ್ ಎಲ್ಲಿ ನಿಂತಿದೆ ಎಂಬ ಅಂಕಿಗಳ ಪಟ್ಟಿ ಇರುತ್ತದೆ, ಅಷ್ಟೆ. 1970ರಲ್ಲಿ ಬಂದ ಮಿನಿಮೂಗ್‌ಗೆ ನೆನಪಿನ ಶಕ್ತಿ ಇರಲಿಲ್ಲ. ವಾದಕರು ಅದರ ಮುಖಫಲಕದ ಚಿತ್ರವಿರುವ ಹಾಳೆಯ ಮೇಲೆ ನಾಬ್‌ಗಳ ಸ್ಥಾನವನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. 1978ರ ಪ್ರಾಫೆಟ್-5 ಆ ಗುರುತುಗಳನ್ನು ತನ್ನೊಳಗೇ ಇಟ್ಟುಕೊಳ್ಳಲು ಕಲಿಯಿತು. 1983ರಲ್ಲಿ ಬಂದ ಯಮಾಹಾ ಡಿಎಕ್ಸ್7ನಲ್ಲಿ 32 ನಾದಗಳ ಇಡೀ ಬ್ಯಾಂಕ್ 4096 ಬೈಟ್‌ಗಳಲ್ಲಿ ಮುಗಿಯುತ್ತದೆ. ಎಂಬತ್ತರ ದಶಕದ ಪಾಪ್ ಹಾಡುಗಳಲ್ಲಿ ಮತ್ತೆ ಮತ್ತೆ ಕೇಳುವ, ಗಾಜಿನಂತೆ ಮಿನುಗುವ ಆ ಎಲೆಕ್ಟ್ರಿಕ್ ಪಿಯಾನೊ ನಾದವನ್ನು ಬರೆದಿಡಲು ಬೇಕಾದದ್ದು ಬರೀ 128 ಬೈಟ್.

ಇಷ್ಟು ಕಡಿಮೆಯಲ್ಲಿ ಸಾಲುವುದು ಹೇಗೆ? ಉಳಿದದ್ದೆಲ್ಲ ಯಂತ್ರದ ಬಳಿ ಇರುವುದರಿಂದ. ಒಂದು ಲೆಕ್ಕ ಹಾಕಿ ನೋಡೋಣ. ಪ್ರೀಸೆಟ್‌ನಲ್ಲಿ ಫಿಲ್ಟರ್‌ನ ಕಟ್‌ಆಫ್ (ಯಾವ ಕಂಪನಾಂಕದ ಮೇಲಿನ ನಾದವನ್ನು ತಗ್ಗಿಸಬೇಕೆಂಬ ಮಿತಿ) 0.5 ಎಂದು ಬರೆದಿದೆ ಎಂದಿಟ್ಟುಕೊಳ್ಳಿ, ಅಂದರೆ ನಾಬ್ ಸರಿಯಾಗಿ ನಡುವೆ. ಹಳೆಯ ಆವೃತ್ತಿಯಲ್ಲಿ ಆ ನಾಬ್ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಓಡುತ್ತಿತ್ತು. ಕಿವಿ ಕೇಳುವುದು ಗುಣೋತ್ತರದಲ್ಲಾದ್ದರಿಂದ ನಡುವಿನ ಬಿಂದು ಬೀಳುವುದು ಸುಮಾರು 632 ಹರ್ಟ್ಸ್‌ಗೆ. ಹೊಸ ಆವೃತ್ತಿಯವರು ಒಳ್ಳೆಯ ಉದ್ದೇಶದಿಂದಲೇ ಕೆಳಗಿನ ಮಿತಿಯನ್ನು 10 ಹರ್ಟ್ಸ್‌ಗೆ ಇಳಿಸಿದರು. ಈಗ ಅದೇ 0.5 ಎಂದರೆ ಸುಮಾರು 447 ಹರ್ಟ್ಸ್. ಎರಡರ ನಡುವಿನ ಅಂತರ ಸರಿಯಾಗಿ ಅರ್ಧ ಸ್ಥಾಯಿ, ಷಡ್ಜದಿಂದ ಪ್ರತಿಮಧ್ಯಮದಷ್ಟು. ಫೈಲ್‌ನಲ್ಲಿ ಒಂದು ಚುಕ್ಕೆಯೂ ಅಳಿಸಿಲ್ಲ, ಒಂದು ಅಂಕಿಯೂ ತಿದ್ದಿಲ್ಲ. ನಾದ ಮಾತ್ರ ಅರ್ಧ ಸ್ಥಾಯಿಯಷ್ಟು ಮಸುಕಾಗಿದೆ. ಇಂಥ ನೂರಾರು ಅಂಕಿಗಳು ಒಂದು ಪ್ರೀಸೆಟ್‌ನಲ್ಲಿರುತ್ತವೆ. ಎನ್ವಲಪ್‌ನ ವೇಗ, ಕೀಲಿ ಒತ್ತಿದಾಗ ಅಲೆ ಎಲ್ಲಿಂದ ಶುರುವಾಗಬೇಕೆಂಬ ನಿಯಮ, ಒತ್ತಡಕ್ಕೆ ನಾದ ಸ್ಪಂದಿಸುವ ರೀತಿ, ಹೀಗೆ ಪ್ರತಿಯೊಂದಕ್ಕೂ ಯಂತ್ರದೊಳಗೆ ಒಂದು ಕೋಷ್ಟಕವಿದೆ. ಇನ್ನೂ ಸೂಕ್ಷ್ಮವಾದ ಅಪಾಯವೊಂದುಂಟು: ವಿಎಸ್‌ಟಿ2 ಬಗೆಯ ಪ್ಲಗಿನ್‌ಗಳಲ್ಲಿ ಹಾಡಿನ ಆಟೋಮೇಷನ್, ಅಂದರೆ ನಾಬ್ ತಾನಾಗಿ ತಿರುಗಲು ಬರೆದಿಟ್ಟ ಸೂಚನೆ, ನಾಬ್‌ಗಳನ್ನು ಗುರುತಿಸುವುದು ಕ್ರಮಸಂಖ್ಯೆಯಿಂದ. ಪಟ್ಟಿಯ ನಡುವೆ ಹೊಸ ನಾಬ್ ತೂರಿಸಿದರೆ, ಕಟ್‌ಆಫ್‌ಗೆ ಬರೆದ ಏರಿಳಿತ ಪಕ್ಕದ ಇನ್ನಾವುದೋ ನಾಬನ್ನು ತಿರುಗಿಸತೊಡಗುತ್ತದೆ.

ಹಾಗಾಗಿ ಪ್ರೀಸೆಟ್ ಒಂದು ಅರ್ಧ ವಾಕ್ಯ. ಅದನ್ನು ಪೂರ್ಣಗೊಳಿಸುವ ಇನ್ನರ್ಧ ತಯಾರಕರ ಬಳಿ ಇದೆ.

ಅಮೆರಿಕದ ತತ್ತ್ವಜ್ಞಾನಿ ನೆಲ್ಸನ್ ಗುಡ್‌ಮನ್ 1968ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕಲೆಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ವರ್ಣಚಿತ್ರದಂಥ ಕಲೆಯಲ್ಲಿ ಮೂಲಪ್ರತಿ ಒಂದೇ. ನಕಲು ಎಷ್ಟೇ ಚೆನ್ನಾಗಿದ್ದರೂ ಅದು ನಕಲೇ. ಬರೆದಿಟ್ಟ ಸಂಗೀತ ಹಾಗಲ್ಲ. ಸ್ವರಲಿಪಿಗೆ ನಿಷ್ಠವಾದ ಪ್ರತಿಯೊಂದು ವಾದನವೂ ಅದೇ ಕೃತಿ. ಪಾಶ್ಚಾತ್ಯ ಸ್ವರಲಿಪಿಯನ್ನು ಮನಸ್ಸಿನಲ್ಲಿಟ್ಟು ಹೇಳಿದ ಮಾತದು. ಆ ಲಿಪಿ ಸ್ವರ, ಕಾಲಗಳನ್ನು ಹಿಡಿಯುತ್ತದೆ, ನಾದದ ಬಣ್ಣವನ್ನು ಪಿಟೀಲು, ಕೊಳಲು ಎಂಬ ಹೆಸರಿಗೆ ಬಿಟ್ಟುಬಿಡುತ್ತದೆ. ಪಿಟೀಲಿನ ನಾದ ಹೇಗಿರುತ್ತದೆ ಎಂಬ ತಿಳಿವಳಿಕೆ ಯಾವ ಕಂಪನಿಯ ಸ್ವತ್ತೂ ಅಲ್ಲ; ತಲೆಮಾರುಗಳಿಂದ ಸಾವಿರಾರು ಕೈಗಳಲ್ಲಿ, ಕಿವಿಗಳಲ್ಲಿ ಹಂಚಿಹೋಗಿದೆ. ಸಿಂತ್ ಸಂಗೀತದಲ್ಲಿ ನಾದದ ಬಣ್ಣವೇ ಎಷ್ಟೋ ಸಲ ಕೃತಿಯ ತಿರುಳು. ಒಂದೇ ಸ್ವರವನ್ನು ಎಂಟು ಆವರ್ತ ಹಿಡಿದಿಟ್ಟು ಅದರ ಒಳಮೈಯನ್ನಷ್ಟೇ ನಿಧಾನವಾಗಿ ಬದಲಿಸುವ ಸಂಯೋಜಕರಿಗೆ ಸ್ವರಲಿಪಿಯಲ್ಲಿ ಬರೆಯಲು ಉಳಿಯುವುದೇನೂ ಇಲ್ಲ. ಅವರ ಲಿಪಿ ಪ್ರೀಸೆಟ್. ಆ ಲಿಪಿಯನ್ನು ಓದಬಲ್ಲ ಓದುಗ ಲೋಕದಲ್ಲಿ ಒಬ್ಬನೇ, ಅವನೂ ಒಂದು ಸಂಸ್ಥೆಯ ನೌಕರ. ಬೆಳಿಗ್ಗೆ ಎದ್ದು ಅವನು ಓದುವ ಪದ್ಧತಿ ಬದಲಿಸಿದರೆ ಕೃತಿ ಅನಾಥವಾಗುತ್ತದೆ.

ಕನ್ನಡಿಗರಿಗೆ ಈ ಕಷ್ಟ ಹೊಸದಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಗೊತ್ತು: ಕನ್ನಡದ ಜಾಗದಲ್ಲಿ ರೋಮನ್ ಅಕ್ಷರಗಳ, ಚಿಹ್ನೆಗಳ ರಾಶಿ. ಅಲ್ಲೂ ಕಡತದ ಅಂಕಿಗಳು ಹಾಗೇ ಇದ್ದವು, ಅವುಗಳನ್ನು ಓದುವ ಕೋಷ್ಟಕ ಮಾತ್ರ ಇರಲಿಲ್ಲ. ಲೋಕದ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿ ಇದಕ್ಕೆ ಕಂಡುಕೊಂಡ ಪರಿಹಾರ ಸಿಂತ್ ತಯಾರಕರಿಗೆ ಪಾಠವಾಗಬೇಕು. 1996ರ ಎರಡನೆಯ ಆವೃತ್ತಿಯಲ್ಲಿ ಕೊರಿಯನ್ ಲಿಪಿಯ ಸಾವಿರಾರು ಅಕ್ಷರಗಳನ್ನು ಹಳೆಯ ಜಾಗದಿಂದ ಎತ್ತಿ ಬೇರೆಡೆ ಇಡಲಾಯಿತು. ಅದರಿಂದಾದ ಗೊಂದಲ ಕಂಡ ಮೇಲೆ, ಒಮ್ಮೆ ಅಕ್ಷರಕ್ಕೆ ಕೊಟ್ಟ ಸ್ಥಾನವನ್ನು ಎಂದೂ ಕದಲಿಸುವುದಿಲ್ಲ ಎಂಬ ನಿಯಮ ಗಟ್ಟಿಯಾಯಿತು. ಮುಂದೆ ಹೆಸರಿಗೂ ಅದೇ ನಿಯಮ ಬಂತು. ಹಳಗನ್ನಡದ ೞ ಅಕ್ಷರಕ್ಕೆ ಆ ಪಟ್ಟಿಯಲ್ಲಿ ‘ಕನ್ನಡ ಲೆಟರ್ ಫಾ’ ಎಂಬ ಹೆಸರು ಬಿದ್ದಿದೆ. ಅದು ತಪ್ಪೆಂದು ಪಟ್ಟಿ ಮಾಡುವವರಿಗೂ ಗೊತ್ತು. ಆದರೂ ಹೆಸರು ಬದಲಿಸಿಲ್ಲ, ಸರಿಯಾದದ್ದನ್ನು ಪರ್ಯಾಯ ಹೆಸರಾಗಿ ಪಕ್ಕದಲ್ಲಿ ದಾಖಲಿಸಿದ್ದಾರೆ. ಆ ತಪ್ಪನ್ನು ನೆಚ್ಚಿ ಎಲ್ಲೋ ಯಾರೋ ಒಂದು ಪ್ರೋಗ್ರಾಂ ಬರೆದಿರಬಹುದು, ಅವರನ್ನು ಕೈಬಿಡಬಾರದು ಎಂಬ ಕಾಳಜಿ ಅದರ ಹಿಂದಿದೆ. ನಮ್ಮದೇ ಅಕ್ಷರಕ್ಕೆ ತಪ್ಪು ಹೆಸರು ಅಂಟಿಕೊಂಡಿರುವುದು ನೋವಿನ ಸಂಗತಿಯೇ, ಆದರೂ ಆ ನಿರ್ಧಾರವನ್ನು ನಾನು ಗೌರವಿಸುತ್ತೇನೆ.

ಸಿಂತ್ ತಯಾರಕರೆಲ್ಲ ಒಂದೇ ಬಗೆಯವರಲ್ಲ. ನೇಟಿವ್ ಇನ್‌ಸ್ಟ್ರುಮೆಂಟ್ಸ್ 2019ರಲ್ಲಿ ಮ್ಯಾಸಿವ್ ಎಕ್ಸ್ ತಂದಾಗ ಅದು ಹಳೆಯ ಮ್ಯಾಸಿವ್‌ನ ಪ್ರೀಸೆಟ್‌ಗಳನ್ನು ಓದುತ್ತಿರಲಿಲ್ಲ. ಹಲವರಿಗೆ ನಿರಾಶೆಯಾಯಿತು. ಆದರೆ ಹೆಸರು ಬೇರೆಯಾಗಿತ್ತು, ಹಳೆಯ ವಾದ್ಯ ಅದರ ಪಕ್ಕದಲ್ಲೇ ಉಳಿದಿತ್ತು, ಹಳೆಯ ಹಾಡುಗಳು ಮೊದಲಿನಂತೆ ತೆರೆಯುತ್ತಿದ್ದವು. ಇದು ಹೊಸ ವಾದ್ಯ ಎಂದು ನೇರವಾಗಿ ಹೇಳಿದ್ದರಲ್ಲಿ ನನಗೆ ಯಾವ ದೋಷವೂ ಕಾಣುವುದಿಲ್ಲ. 2025ರಲ್ಲಿ ಬಂದ ಸೀರಮ್ 2 ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: 2014ರ ಸೀರಮ್‌ನ ಪ್ರೀಸೆಟ್‌ಗಳನ್ನು ತೆರೆಯುತ್ತದೆ, ಹಳೆಯ ಪ್ಲಗಿನ್ ಅನ್ನು ಅದರ ಪಾಡಿಗೆ ಇರಲು ಬಿಡುತ್ತದೆ. ಫೈಲ್ ತೆರೆಯಲು ಸಾಫ್ಟ್‌ವೇರ್ ನಿರಾಕರಿಸುವುದನ್ನೂ ನಾನು ಸಹಿಸಬಲ್ಲೆ. ಏನೋ ಕಳೆದಿದೆ ಎಂದಾದರೂ ತಿಳಿಯುತ್ತದೆ. ಸಹಿಸಲಾಗದ್ದು ಫೈಲ್ ಮೌನವಾಗಿ ತೆರೆದು ಬೇರೆ ನಾದ ಹೊರಡಿಸುವುದು. ಹೆಸರು ಹಳೆಯದು, ಒಳಗಿರುವುದು ಬೇರೆ. ಹತ್ತು ವರ್ಷದ ನಂತರ ಮೊದಲ ಬಾರಿ ಆ ಹಾಡನ್ನು ತೆರೆಯುವವರು ಅದು ಮೂಲದಲ್ಲೇ ಹೀಗಿತ್ತು ಎಂದು ನಂಬುತ್ತಾರೆ. ಕೃತಿ ಸತ್ತದ್ದೂ ಗೊತ್ತಾಗುವುದಿಲ್ಲ.

ನನ್ನ ವಾದಕ್ಕೆ ತಯಾರಕರ ಕಡೆಯಿಂದ ಬಲವಾದ ಆಕ್ಷೇಪವೊಂದಿದೆ. ಹಳೆಯ ಆವೃತ್ತಿಯಲ್ಲಿ ದೋಷಗಳಿದ್ದವು. ಮೇಲಿನ ಸ್ವರಗಳಲ್ಲಿ ಏಲಿಯಾಸಿಂಗ್‌ನ ಕರಕರ ಬರುತ್ತಿತ್ತು, ಫಿಲ್ಟರ್‌ನ ಗಣಿತ ಒರಟಾಗಿತ್ತು. ಅದನ್ನು ಸರಿಪಡಿಸಿದರೆ ನಾದ ಬದಲಾಗದೆ ಇದ್ದೀತೆ? ದೋಷವನ್ನೂ ಕಾಪಾಡಬೇಕೆ? ನನ್ನ ಉತ್ತರ: ಹೌದು, ಯಾರಾದರೂ ಅದರ ಮೇಲೆ ಏನನ್ನಾದರೂ ಕಟ್ಟಿದ್ದರೆ. ಸಂಯೋಜಕರು ಕಿವಿಗೆ ಕೇಳಿದ ನಾದವನ್ನು ಆರಿಸಿಕೊಂಡರು. ಆ ನಾದದಲ್ಲಿ ಉದ್ದೇಶ ಎಷ್ಟು, ದೋಷ ಎಷ್ಟು ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅವರು ಒಪ್ಪಿದ ಕ್ಷಣದಿಂದ ಅದು ಕೃತಿಯ ಭಾಗ. ಡಿಎಕ್ಸ್7ನ 12 ಬಿಟ್ ಪರಿವರ್ತಕದ ಸಣ್ಣ ಗದ್ದಲ ಎಂಜಿನಿಯರರ ದೃಷ್ಟಿಯಲ್ಲಿ ಕೊರತೆಯೇ, ಆದರೆ ಆ ಕಾಲದ ಬೇಸ್ ನಾದಕ್ಕೆ ಬಂದ ಗಡಸುತನದಲ್ಲಿ ಅದರ ಪಾಲೂ ಇತ್ತು. ಆ ವಾದ್ಯವನ್ನು ಅನುಕರಿಸುವ ಡೆಕ್ಸ್ಡ್ ಎಂಬ ಉಚಿತ ಪ್ಲಗಿನ್ ಇಲ್ಲಿ ಸರಿಯಾದ ದಾರಿ ಹಿಡಿದಿದೆ: ನಿಖರವಾದ ಆಧುನಿಕ ಎಂಜಿನ್ ಬೇಕೆ, ಹಳೆಯ ಯಂತ್ರದ ಒರಟುತನ ಉಳಿಸಿಕೊಂಡ ‘ಮಾರ್ಕ್ 1’ ಬೇಕೆ ಎಂದು ಬಳಸುವವರನ್ನೇ ಕೇಳುತ್ತದೆ.

ಎರಡನೆಯ ಆಕ್ಷೇಪ ಸಂಗೀತಗಾರರ ಕಡೆಯಿಂದಲೇ ಬರುತ್ತದೆ. ಸಂಗೀತ ಕ್ಷಣಿಕ, ನಿನ್ನೆಯ ಕಛೇರಿ ಇವತ್ತಿಲ್ಲ, ಹಳೆಯ ಪ್ರೀಸೆಟ್ ಹೋದರೆ ಹೊಸದು ಮಾಡಿಕೊಂಡರಾಯಿತು, ಅದರಿಂದ ಕಲ್ಪನೆಯೂ ಚಿಗುರುತ್ತದೆ ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಸ್ವಂತ ಹಳೆಯ ನಾದಗಳಿಗೆ ಜೋತುಬಿದ್ದು ಮುಂದೆ ಹೋಗದವರನ್ನು ನಾನೂ ನೋಡಿದ್ದೇನೆ. ಆದರೆ ಬಿಟ್ಟುಕೊಡುವುದು ಬೇರೆ, ಕಿತ್ತುಕೊಳ್ಳುವುದು ಬೇರೆ. ಹಳೆಯ ರಚನೆಯನ್ನು ಹಾಡದಿರುವ ಸ್ವಾತಂತ್ರ್ಯ ಸಂಗೀತಗಾರರದ್ದೇ ಆಗಿರಬೇಕು. ಅದು ಯಾವುದೋ ಸಂಸ್ಥೆಯ ಬಿಡುಗಡೆಯ ವೇಳಾಪಟ್ಟಿಯಿಂದ ನಿರ್ಧಾರವಾಗಬಾರದು.

ಕಳೆದದ್ದನ್ನು ಮತ್ತೆ ಕಟ್ಟಲು ಸಾಧ್ಯವೇ ಎಂಬುದು ಒಂದೇ ಒಂದು ಸಂಗತಿಯನ್ನು ಅವಲಂಬಿಸಿದೆ: ಓದುವ ಪದ್ಧತಿ ಎಲ್ಲಾದರೂ ಬರೆದಿಟ್ಟಿದೆಯೆ? ಎಫ್‌ಎಂ ಸಂಶ್ಲೇಷಣೆಯನ್ನು, ಅಂದರೆ ಡಿಎಕ್ಸ್7 ನಾದ ಹುಟ್ಟಿಸುವ ವಿಧಾನವನ್ನು, ಕಂಡುಹಿಡಿದ ಜಾನ್ ಚೌನಿಂಗ್ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಂಪ್ಯೂಟರಿನಲ್ಲೇ ರಚಿಸಿದ ‘ಸ್ಟ್ರಿಯಾ’ 1977ರಲ್ಲಿ ಪ್ಯಾರಿಸ್‌ನಲ್ಲಿ ಮೊದಲು ಕೇಳಿಬಂತು. ಅದನ್ನು ನುಡಿಸಿದ ಯಂತ್ರ ಕಾಲವಾಯಿತು, ಅದನ್ನು ಬರೆದ ಪ್ರೋಗ್ರಾಮಿಂಗ್ ಭಾಷೆ ಬಳಕೆ ತಪ್ಪಿತು. ಮೂವತ್ತು ವರ್ಷದ ನಂತರ ಸಂಶೋಧಕರು ಅದನ್ನು ಮರುನಿರ್ಮಿಸಿ 2007ರ ಕಂಪ್ಯೂಟರ್ ಮ್ಯೂಸಿಕ್ ಜರ್ನಲ್‌ನಲ್ಲಿ ತಮ್ಮ ಕೆಲಸ ಪ್ರಕಟಿಸಿದರು. ಎಫ್‌ಎಂನ ಸೂತ್ರವನ್ನು ಚೌನಿಂಗ್ 1973ರಲ್ಲೇ ಲೇಖನವಾಗಿ ಲೋಕದ ಮುಂದಿಟ್ಟಿದ್ದರು, ಕೃತಿಯ ಲೆಕ್ಕಾಚಾರಗಳೂ ಉಳಿದಿದ್ದವು. ಅದರಿಂದ ಅದು ಸಾಧ್ಯವಾಯಿತು. ಡಿಎಕ್ಸ್7ನ ಪ್ರೀಸೆಟ್‌ಗಳು ನಾಲ್ಕು ದಶಕದ ನಂತರವೂ ಹೊಸ ಕಂಪ್ಯೂಟರುಗಳಲ್ಲಿ ತೆರೆಯುವುದಕ್ಕೂ ಇದೇ ಕಾರಣ, ಯಾವ ಬೈಟ್‌ಗೆ ಏನರ್ಥ ಎಂಬುದು ಗುಟ್ಟಾಗಿರಲಿಲ್ಲ. ಇವತ್ತಿನ ಎಷ್ಟೋ ಪ್ಲಗಿನ್‌ಗಳ ಬಗ್ಗೆ ಹಾಗೆ ಹೇಳುವಂತಿಲ್ಲ. ಸಂಸ್ಥೆ ಬಾಗಿಲು ಹಾಕಿದರೆ ಕೋಷ್ಟಕವೂ ಅದರ ಜೊತೆ ಹೋಗುತ್ತದೆ. ಕೆಲವೊಮ್ಮೆ ಪೆಟ್ಟು ಇನ್ನೂ ಕೆಳಗಿನ ನೆಲದಿಂದ ಬರುತ್ತದೆ: 2019ರಲ್ಲಿ ಆಪಲ್‌ನ ಮ್ಯಾಕ್ ಕಾರ್ಯಾಚರಣ ವ್ಯವಸ್ಥೆಯ ಕ್ಯಾಟಲೀನಾ ಆವೃತ್ತಿ ಬಂದಾಗ 32 ಬಿಟ್‌ನ ಪ್ರೋಗ್ರಾಂಗಳೆಲ್ಲ ಒಟ್ಟಿಗೆ ನಿಂತವು, ಅವುಗಳ ಜೊತೆ ಹೊಸದಾಗಿ ಬರೆಯಲು ಯಾರೂ ಉಳಿದಿರದ ಸಿಂತ್‌ಗಳೂ ನಿಂತವು.

ಪರಿಹಾರ ಕಷ್ಟದ್ದೇನೂ ಅಲ್ಲ ಎಂಬುದಕ್ಕೆ ಸರ್ಜ್ ಸಾಕ್ಷಿ. ಒಂದು ಕಾಲಕ್ಕೆ ಮಾರಾಟದ ಸರಕಾಗಿದ್ದ ಆ ಸಿಂತ್‌ನ ಮೂಲಸಂಕೇತವನ್ನು ಅದರ ಕರ್ತೃ 2018ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಅದರ ಪ್ರತಿ ಪ್ರೀಸೆಟ್‌ನೊಳಗೆ, ಯಾವ ಆವೃತ್ತಿಯ ಪದ್ಧತಿಯಲ್ಲಿ ಬರೆದದ್ದು ಎಂಬ ಸಂಖ್ಯೆ ಇರುತ್ತದೆ. ಹಳೆಯ ಸಂಖ್ಯೆ ಕಂಡರೆ ಪ್ರೋಗ್ರಾಂ ಆ ಕಾಲದ ಅರ್ಥಕ್ಕೆ ಹೊಂದಿಸಿಕೊಂಡು ಓದುತ್ತದೆ. ಸ್ವಯಂಸೇವಕರು ಬಿಡುವಿನ ವೇಳೆಯಲ್ಲಿ ಇದನ್ನು ನಡೆಸಿಕೊಂಡು ಬರುತ್ತಿರುವಾಗ, ಹಣ ಪಡೆದು ಮಾರುವವರು ನಮ್ಮಿಂದಾಗದು ಎಂದರೆ ನಾನು ಒಪ್ಪುವುದಿಲ್ಲ.

ಸಿಂತ್ ಕೊಳ್ಳುವಾಗ ನಾದ ಹೇಗಿದೆ ಎಂದು ಕೇಳುವ ಜೊತೆಗೆ, ಇವರು ತಮ್ಮ ಹಿಂದಿನ ಆವೃತ್ತಿಯ ಪ್ರೀಸೆಟ್‌ಗಳಿಗೆ ಏನು ಮಾಡಿದರು ಎಂದೂ ವಿಚಾರಿಸಿ. ಹಾಡು ಮುಗಿದ ದಿನವೇ ಪ್ರತಿ ಟ್ರ್ಯಾಕನ್ನೂ ಆಡಿಯೊ ಆಗಿ ಬೌನ್ಸ್ ಮಾಡಿ, ಪ್ಲಗಿನ್‌ನ ಇನ್‌ಸ್ಟಾಲರನ್ನೂ ಆವೃತ್ತಿ ಸಂಖ್ಯೆಯನ್ನೂ ಪ್ರಾಜೆಕ್ಟ್ ಜೊತೆಯಲ್ಲೇ ಎತ್ತಿಡಿ. ಹೊಸ ಆವೃತ್ತಿಯನ್ನು ಹಾಕಿಕೊಳ್ಳುವ ಮೊದಲು ಹಳೆಯದನ್ನು ತೆಗೆಯಬೇಡಿ.