ಕೈಗೆ ಕೂಲಿ, ಬಾಯಿಗೆ ಬೀಗ?



ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ಚನ್ನಗಿರಿಯ ಸುತ್ತಮುತ್ತ ಅಡಿಕೆ ಸುಗ್ಗಿ ಬಿರುಸಾಗುತ್ತದೆ. ತೋಟದ ಫಸಲು ಖೇಣಿದಾರರ ಕೈಗೆ ಬರುತ್ತದೆ, ಖೇಣಿ ಮನೆಗಳಲ್ಲಿ ಹಸಿ ಅಡಿಕೆ ಗುಡ್ಡೆ ಬೀಳುತ್ತದೆ, ಹೆಣ್ಣುಮಕ್ಕಳು ಸಾಲಾಗಿ ಕುಳಿತು ಸುಲಿಯುತ್ತಾರೆ. ಸುಲಿದದ್ದನ್ನು ಹಂಡೆಯಲ್ಲಿ ಬೇಯಿಸಿ, ಚೊಗರಿನ ಬಣ್ಣ ಹಿಡಿಸಿ, ಬಿಸಿಲಿಗೆ ಹರವುತ್ತಾರೆ. ಸುಲಿಯುವ ಯಂತ್ರಗಳು ಬಂದಿದ್ದರೂ ಕೈಯಿಂದ ಸುಲಿಯುವವರು ಇನ್ನೂ ಇದ್ದಾರೆ. ಅವರಿಗೆ ಕೂಲಿ ಸಿಗುವುದು ಸುಲಿದ ಅಡಿಕೆಯ ಅಳತೆಯ ಮೇಲೆ.

ಮೇಲ್ನೋಟಕ್ಕೆ ಈ ಪದ್ಧತಿಯನ್ನು ದೂರಲು ಕಾರಣವಿಲ್ಲ. ಚುರುಕಾದ ಕೈಗೆ ಹೆಚ್ಚು ಕೂಲಿ. ಮನೆಯ ಅಡುಗೆ ಮುಗಿಸಿ ತಡವಾಗಿ ಬಂದವಳಿಗೂ ಜಾಗವಿದೆ. ಮಾಲೀಕನಿಗೆ ಕಾವಲಿನ ಗೊಡವೆಯಿಲ್ಲ, ಅಳತೆಯೇ ಮೇಸ್ತ್ರಿ. ಹಾಗಾದರೆ ಕೆಲಸಗಾರರನ್ನು ಹುರಿದುಂಬಿಸುವ ಗುಟ್ಟು ಇಷ್ಟೇ ತಾನೇ? ಹೆಚ್ಚು ಮಾಡಿದವರಿಗೆ ಹೆಚ್ಚು ಕೊಡು, ಕಡಿಮೆ ಮಾಡಿದವರಿಗೆ ಕಡಿಮೆ ಕೊಡು. ಕಚೇರಿ, ಕಾರ್ಖಾನೆ, ಶಾಲೆ, ಆಸ್ಪತ್ರೆಗಳನ್ನು ನಡೆಸುವವರಲ್ಲಿ ಅನೇಕರು ನಂಬಿರುವುದೂ ಇದನ್ನೇ. ಈ ನಂಬಿಕೆಯಲ್ಲಿ ನಿಜವೆಷ್ಟು, ಕೊರತೆಯೆಷ್ಟು ಎಂದು ಯೋಚಿಸೋಣ.

ಮೊದಲ ಮಾತು ಕೂಲಿಯದೇ. ಬಡವನ ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ತಮ್ಮ 'ರೇರುಮ್ ನೋವಾರುಮ್' ವಿಶ್ವಪತ್ರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೂಲಿಗೆ ಇಬ್ಬರೂ ಒಪ್ಪಿದ ಮಾತ್ರಕ್ಕೆ ಅದು ನ್ಯಾಯವಾಗದು. ದುಡಿಯುವವನ ಬಾಳ್ವೆಗೆ ಅದು ಸಾಲಬೇಕು ಎಂದರು. 2025ರಲ್ಲಿ ಜಗದ್ಗುರುಗಳಾದವರು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡದ್ದು ಆ ವಿಶ್ವಪತ್ರವನ್ನು ನೆನೆದೇ. ಆದ್ದರಿಂದ ಕೂಲಿಯನ್ನು ಕಡಿಮೆ ಮಾಡಿ, ಅದರ ಬದಲಿಗೆ ಒಳ್ಳೆಯ ಮಾತು ಕೊಡುವವನು ಸಾಲಗಾರನಾಗಿಯೇ ಉಳಿಯುತ್ತಾನೆ.

ಆದರೆ ಕೂಲಿ ಕೊಟ್ಟ ಮೇಲೆ ಲೆಕ್ಕ ಚುಕ್ತಾ ಆಯಿತೇ? ಅಳತೆಗೆ ಕಾಣುವುದು ಸುಲಿದ ಅಡಿಕೆ ಮಾತ್ರ. ಹೊಸದಾಗಿ ಬಂದ ಹುಡುಗಿಗೆ ಕತ್ತಿಗೆ ಕೈ ಕೊಡದಂತೆ ಸುಲಿಯುವುದನ್ನು ಹೇಳಿಕೊಡುತ್ತಾ ಹಿರಿಯಳೊಬ್ಬಳು ಅರ್ಧ ಗಂಟೆ ಕಳೆದರೆ, ಆ ಅರ್ಧ ಗಂಟೆ ಅಳತೆಗೆ ಬರುವುದಿಲ್ಲ. ಎಷ್ಟೋ ಸುಗ್ಗಿಗಳನ್ನು ಕಂಡ ಕೈಗೆ ಕಾಯಿ ಬಲಿತಿದೆಯೋ ಎಳೆಯದೋ ಎಂಬುದು ಮುಟ್ಟಿದೊಡನೆ ತಿಳಿಯುತ್ತದೆ. ಆ ತಿಳಿವಳಿಕೆಯನ್ನು ಯಾರಾದರೂ ಕೇಳಿದ್ದುಂಟೇ? ಚನ್ನಗಿರಿಯಲ್ಲಿ ಅಡಿಕೆ ಬೆಳೆಗಾರರಿಗೆ ತುಮ್ಕೋಸ್‌ನಂಥ ಸಹಕಾರ ಸಂಘವಿದೆ. ಸಹಕಾರ ತತ್ವದಂತೆ ಸದಸ್ಯನಿಗೆ ತೋಟ ದೊಡ್ಡದಿರಲಿ ಚಿಕ್ಕದಿರಲಿ ಒಂದೇ ಮತ. ಬೆಳೆಗಾರರ ಸಂಘ ಬೆಳೆಗಾರರದಾಗಿರುವುದು ಸಹಜ, ಅದರಲ್ಲಿ ತಪ್ಪಿಲ್ಲ. ಆದರೆ ಅದೇ ಅಡಿಕೆಯನ್ನು ಸುಲಿಯುವವಳು ತನ್ನ ಮಾತನ್ನು ಎಲ್ಲಿ ಹೇಳಬೇಕು?

ಜರ್ಮನ್ ತತ್ವಜ್ಞಾನಿ ಕಾಂಟ್ 1785ರಲ್ಲಿ ಒಂದು ಸೂತ್ರವನ್ನು ಮುಂದಿಟ್ಟ. ಮನುಷ್ಯನನ್ನು ಎಂದೂ ಕೇವಲ ಸಾಧನವಾಗಿ ಬಳಸಬಾರದು ಎಂಬುದು ಅದರ ತಿರುಳು. 'ಕೇವಲ' ಎಂಬ ಮಾತನ್ನು ಗಮನಿಸಿ. ಒಬ್ಬರಿಂದೊಬ್ಬರು ಕೆಲಸ ಮಾಡಿಸಿಕೊಳ್ಳದೆ ಬದುಕು ಸಾಗದು. ಆದರೆ ಕೆಲಸ ಮಾಡುವ ಕೈಯ ಹಿಂದೆ ಒಂದು ಬುದ್ಧಿ, ಒಂದು ಮನಸ್ಸಾಕ್ಷಿ ಇದೆ ಎಂಬುದನ್ನು ಮರೆತಾಗ ಅನ್ಯಾಯ ಆರಂಭವಾಗುತ್ತದೆ. ಸಂತ ಎರಡನೆಯ ಜಾನ್ ಪಾಲ್ ಯೌವನದಲ್ಲಿ ಪೋಲೆಂಡಿನ ಕಲ್ಲುಗಣಿಯಲ್ಲಿಯೂ ರಾಸಾಯನಿಕ ಕಾರ್ಖಾನೆಯಲ್ಲಿಯೂ ದುಡಿದವರು. 1981ರಲ್ಲಿ ಶ್ರಮದ ಬಗ್ಗೆ ವಿಶ್ವಪತ್ರ ಬರೆದಾಗ ಅವರು ಸಾರಿದ್ದು ಇದನ್ನೇ: ದುಡಿಮೆಗೆ ಬೆಲೆ ಬರುವುದು ಅದನ್ನು ಮಾಡುವವನು ಮನುಷ್ಯನಾಗಿರುವುದರಿಂದ.

ಈಗ ಹೊನ್ನಾಳಿಯ ಗದ್ದೆಗಳ ಕಡೆ ನೋಡಿ. ಭತ್ತದ ನಾಟಿಯ ಕಾಲದಲ್ಲಿ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಎಕರೆಗೆ ಇಂತಿಷ್ಟೆಂದು ಗುತ್ತಿಗೆ ಹಿಡಿಯುತ್ತಾರೆ. ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಊಟಕ್ಕೆ ಏಳಬೇಕು, ಬಂದ ಹಣವನ್ನು ಹೇಗೆ ಹಂಚಬೇಕು ಎಂಬುದು ಗುಂಪಿನೊಳಗೇ ತೀರ್ಮಾನವಾಗುತ್ತದೆ. ಮುಂದಾಳು ಎಂದರೆ ಅವರ ಪಕ್ಕದಲ್ಲೇ ಸೊಂಟ ಬಗ್ಗಿಸಿ ಸಸಿ ಊರುವವಳು. ನ್ಯಾಮತಿಯ ಕಡೆಯ ತಾಂಡಾಗಳಿಂದ ಕಬ್ಬು ಕಡಿಯಲು ಹೋಗುವವರದೂ ಗುಂಪೇ. ಆದರೆ ಮುಂಗಡ ಹಣ ಕೊಟ್ಟು ಕರೆದೊಯ್ಯುವ ಮೇಸ್ತ್ರಿಯ ಕೈಯಲ್ಲಿ ಲೆಕ್ಕದ ಪುಸ್ತಕವಿದ್ದರೆ ಅಲ್ಲಿ ಮುಂದಾಳತ್ವ ಸಾಲದ ಹಗ್ಗವಾಗಿಬಿಡಬಹುದು. ಜೀತ ಪದ್ಧತಿಯನ್ನು 1976ರ ಕಾಯ್ದೆ ರದ್ದುಮಾಡಿದೆ. ಆದರೆ ಇಲ್ಲ ಎನ್ನಲಾರದವನ ಹೌದು ಇಂದಿಗೂ ಪೂರ್ಣ ಹೌದಲ್ಲ. ಬರಗಾಲದ ವರ್ಷ ಜಗಳೂರಿನ ಹಳ್ಳಿಗಳಿಂದ ಕಾಫಿ ತೋಟಗಳಿಗೆ ಗುಳೆ ಹೊರಟವರನ್ನು ಕೇಳಿದರೆ ಇದರ ಅರ್ಥ ತಿಳಿಯುತ್ತದೆ.

2005ರ ಉದ್ಯೋಗ ಖಾತರಿ ಕಾಯ್ದೆಯಡಿ ಕೆರೆ ಹೂಳೆತ್ತುವ, ಬದು ಹಾಕುವ ಕೆಲಸಗಳು ನಡೆದಾಗ ಕೂಲಿಕಾರರ ಗುಂಪಿನ ಮುಂದಾಳಿಗೆ ಕರ್ನಾಟಕದಲ್ಲಿ 'ಕಾಯಕ ಬಂಧು' ಎಂದು ಹೆಸರಿಟ್ಟರು. ಎಷ್ಟು ಅರ್ಥವತ್ತಾದ ಹೆಸರು! ದುಡಿಮೆಯನ್ನೇ ಪೂಜೆಯಾಗಿ ಕಂಡ ಶರಣರ ಮಾತಿಗೆ ಬಂಧುತ್ವ ಸೇರಿತು. ಮುಂದಾಳು ಕಾವಲುಗಾರನಲ್ಲ, ಬಂಧು.

ಪವಿತ್ರ ಗ್ರಂಥಕ್ಕೂ ಈ ವಿಷಯ ಹೊಸದಲ್ಲ. ವಿಮೋಚನಾಕಾಂಡದ 18ನೆಯ ಅಧ್ಯಾಯದಲ್ಲಿ ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯ ತೀರಿಸುತ್ತಿದ್ದಾನೆ. ಅವನ ಮಾವ ಇತ್ರೋ ಅದನ್ನು ನೋಡಿ ಮೆಚ್ಚಲಿಲ್ಲ. ಹೀಗಾದರೆ ನೀನೂ ಬಳಲುವೆ, ಜನರೂ ಬಳಲುವರು. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬ ಯೋಗ್ಯನನ್ನು ನೇಮಿಸು ಎಂದು ಬುದ್ಧಿ ಹೇಳಿದ. ಹತ್ತು ಜನರೊಳಗೆ ತೀರುವುದು ಹತ್ತು ಜನರೊಳಗೇ ತೀರಬೇಕು. 1931ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯೂಸ್ ಇದನ್ನೇ ಸಮಾಜ ನೀತಿಯಾಗಿ ಬೋಧಿಸಿದರು: ಕೆಳಗಿನವರು ತಾವೇ ಮಾಡಬಲ್ಲದ್ದನ್ನು ಮೇಲಿನವರು ಕಿತ್ತುಕೊಳ್ಳುವುದು ಅನ್ಯಾಯ.

ಇಲ್ಲಿ ಮಾಲೀಕರ ಒಂದು ಆಕ್ಷೇಪವಿದೆ. "ಫಾದರ್, ಹಸಿ ಅಡಿಕೆ ಸಭೆ ಸೇರುವ ತನಕ ಕಾಯುವುದಿಲ್ಲ. ಸಡಿಲ ಬಿಟ್ಟರೆ ಮಾಲು ಕೆಡುತ್ತದೆ. ಮೈಗಳ್ಳರೂ ಇರುತ್ತಾರೆ." ಇದು ನಿಜವೇ. ಮೈಗಳ್ಳನನ್ನು ತಿದ್ದಲೇಬೇಕು, ಇಲ್ಲದಿದ್ದರೆ ಅವನ ಹೊರೆ ಪಕ್ಕದವನ ಹೆಗಲಿಗೆ ಬೀಳುತ್ತದೆ. ತುರ್ತಿನ ಹೊತ್ತಿನಲ್ಲಿ ಆಜ್ಞೆಯೂ ಬೇಕು. ಆದರೆ ಅಮೆರಿಕದ ಪ್ರಾಧ್ಯಾಪಕ ಡಗ್ಲಾಸ್ ಮ್ಯಾಕ್‌ಗ್ರೆಗರ್ 1960ರಲ್ಲಿ ತೋರಿಸಿಕೊಟ್ಟ ಒಂದು ಸಂಗತಿಯನ್ನು ಮರೆಯುವಂತಿಲ್ಲ. ಜನ ಸ್ವಭಾವತಃ ಸೋಮಾರಿಗಳೆಂದು ನಂಬಿದವನು ಕಾವಲು ಹಾಕುತ್ತಾನೆ. ಕಾವಲಿನಡಿ ಇದ್ದವರು ಕಾವಲು ಇದ್ದಷ್ಟು ಹೊತ್ತು ಮಾತ್ರ ದುಡಿಯುತ್ತಾರೆ. ಆಗ ಅವನಿಗೆ ತನ್ನ ನಂಬಿಕೆ ನಿಜವೆನಿಸುತ್ತದೆ. ನಂಬಿ ಹೊಣೆ ಕೊಟ್ಟಲ್ಲಿ ಅದೇ ಜನ ಬೇರೆಯಾಗಿ ಕಾಣುತ್ತಾರೆ.

ಆದರೆ ಇಲ್ಲಿಯೇ ಒಂದು ಸೂಕ್ಷ್ಮ ಅಪಾಯವಿದೆ. ಕೆಲಸಗಾರರ ಮಾತು ಕೇಳಿದರೆ ಉತ್ಪನ್ನ ಹೆಚ್ಚುತ್ತದೆ ಎಂದು ಮಾಲೀಕರಿಗೆ ಕಲಿಸುವ ತರಬೇತಿಗಳು ಈಗ ಬಹಳ. ಹೆಚ್ಚಿದರೆ ಸಂತೋಷವೇ. ಆದರೆ ಹೆಚ್ಚಲೆಂದೇ ಕೇಳಿದರೆ, ಆ ಗೌರವವೂ ಕೈಯಿಂದ ಹೆಚ್ಚು ಹಿಂಡಿಕೊಳ್ಳುವ ಇನ್ನೊಂದು ಉಪಾಯವಾಗುತ್ತದೆ. ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಒಂದು ಸೇರು ಅಡಿಕೆಯೂ ಹೆಚ್ಚು ಬರುವುದಿಲ್ಲವೆಂದು ಖಚಿತವಾದರೂ ಅವಳ ಮಾತನ್ನು ಕೇಳುವೆನೇ? ಹೌದು ಎನ್ನುವವನು ಮಾತ್ರ ಮನುಷ್ಯನನ್ನು ಗೌರವಿಸಿದ್ದಾನೆ. ಕೂಲಿಯಂತೆ ಕಿವಿಗೊಡುವುದೂ ಅವಳಿಗೆ ಸಲ್ಲಬೇಕಾದ ಋಣ, ಬಹುಮಾನವಲ್ಲ.

ಮತ್ತಾಯನ ಶುಭಸಂದೇಶದ ದ್ರಾಕ್ಷಿತೋಟದ ಯಜಮಾನ ಸಂಜೆ ಐದು ಗಂಟೆಗೂ ಸಂತೆಬೀದಿಗೆ ತಾನೇ ಹೋದ. ಸುಮ್ಮನೆ ನಿಂತವರನ್ನು ಬಯ್ಯದೆ ಕಾರಣ ಕೇಳಿದ. ತಮ್ಮನ್ನು ಯಾರೂ ಕರೆಯಲಿಲ್ಲ ಎಂದರು. ಅವರಿಗೂ ಪೂರ್ತಿ ದಿನದ ಕೂಲಿ ಕೊಟ್ಟ. ಕೊಡುವ ಮೊದಲು ಕೇಳಿದ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಪ್ರಭು ಯೇಸುವಂತೂ ಕಡೆಯ ಭೋಜನದ ರಾತ್ರಿ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಪಾದ ತೊಳೆದರು. ಗುರುವೂ ಪ್ರಭುವೂ ತಾವೇ ಎಂಬುದನ್ನು ಅವರು ಅಲ್ಲಗಳೆಯಲಿಲ್ಲ. ಆ ಅಧಿಕಾರ ಯಾವುದಕ್ಕಾಗಿ ಎಂಬುದನ್ನು ತೋರಿಸಿಕೊಟ್ಟರು.

1955ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯೂಸ್ ಮೇ 1ನ್ನು ಶ್ರಮಿಕ ಸಂತ ಜೋಸೆಫರ ಹಬ್ಬವಾಗಿ ಸ್ಥಾಪಿಸಿದರು. ನಜರೇತಿನ ಬಡಗಿಯ ಮನೆಯೇ ಯೇಸುವಿಗೆ ಕೆಲಸ ಕಲಿಸಿತು. ನಮ್ಮ ಮಕ್ಕಳೂ ಯಜಮಾನಿಕೆಯನ್ನು ಮೊದಲು ಕಲಿಯುವುದು ಮನೆಯಲ್ಲೇ. ತಂದೆ ತೀರ್ಮಾನಿಸುವ ಮೊದಲು ತಾಯಿಯನ್ನು ಕೇಳುತ್ತಾರೆಯೇ? ಮನೆಗೆಲಸಕ್ಕೆ ಬರುವ ಅಕ್ಕನ ಹೆಸರು, ಅವರ ಮಕ್ಕಳ ಓದು ನಮಗೆ ಗೊತ್ತೇ? ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಗುಡಿಸುವ, ಗಂಟೆ ಬಾರಿಸುವ ವ್ಯಕ್ತಿಗೆ ಮಾತಿನ ಅವಕಾಶವಿದೆಯೇ? ಈ ಪ್ರಶ್ನೆ ಗುರುಗಳಿಗೂ ಸೇರಿದ್ದು.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಕೈಕೆಳಗೆ ದುಡಿಯುವ ಒಬ್ಬರನ್ನಾದರೂ, "ಈ ಕೆಲಸದಲ್ಲಿ ಏನು ಬದಲಾಗಬೇಕು ಅನ್ನಿಸುತ್ತದೆ?" ಎಂದು ಕೇಳಿ. ಕೇಳಿದ ಮೇಲೆ ಪೂರ್ತಿ ಕಿವಿಗೊಡಿ. ಉತ್ತರ ನಿಮಗೆ ಅನುಕೂಲವಾಗಿ ಇರದೇ ಹೋಗಬಹುದು. ಕಿವಿಗೊಡುವ ಋಣ ತೀರಿಸುವುದು ಆಗಲೇ.