ಕಾಯಿಸಿದ ನೀರಿನ ಪಾಠ

ಮಗುವೊಂದು ಮೊದಲ ಸಲ ಶಾಲೆಯ ಹೊಸ್ತಿಲು ದಾಟಿ ಬಂದಾಗ ಅದರ ತಲೆ ಖಾಲಿ ಕೊಡವೋ, ಅರ್ಧ ತುಂಬಿದ ಕೊಡವೋ? ಕೇಳುವುದಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ನಾವು ಪಾಠ ಹೇಳುವ ರೀತಿ, ಮಕ್ಕಳನ್ನು ಗದರುವ ರೀತಿ, ಅಂಕ ಕೊಡುವ ರೀತಿ ಎಲ್ಲವೂ ಈ ಪ್ರಶ್ನೆಗೆ ನಾವು ಮನಸ್ಸಿನೊಳಗೇ ಕೊಟ್ಟುಕೊಂಡ ಉತ್ತರದ ಮೇಲೆ ನಿಂತಿವೆ. ಖಾಲಿ ಕೊಡವೆಂದುಕೊಂಡರೆ ಸುರಿಯುವುದಷ್ಟೇ ನಮ್ಮ ಕೆಲಸ. ಒಳಗೆ ಆಗಲೇ ನೀರಿದೆ ಎಂದುಕೊಂಡರೆ, ಅದು ಎಂಥ ನೀರೆಂದು ಮೊದಲು ಬಗ್ಗಿ ನೋಡಬೇಕಾಗುತ್ತದೆ.

ನಾನು ಇತಿಹಾಸ ಓದಿದ ಬಿ.ಎ. ಪದವೀಧರೆ. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇರುವ ನಾಲ್ಕೈದು ಜನರೇ ಎಲ್ಲ ವಿಷಯಗಳನ್ನೂ ಹಂಚಿಕೊಳ್ಳಬೇಕಾದ್ದರಿಂದ ವಿಜ್ಞಾನದ ಪೀರಿಯಡ್ಡೂ ನನ್ನ ಪಾಲಿಗೆ ಬಂತು. ನಮ್ಮ ನಂಗಲಿ ಮುಳಬಾಗಿಲು ತಾಲ್ಲೂಕಿನ ಅಂಚಿನ ಊರು. ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿ ತಲಕಾಡು, ಕೊಂಗುಗಳ ಜೊತೆಗೆ ನಂಗಲಿಯ ಹೆಸರೂ ಬರುತ್ತದೆ. ಅಂದು ಅದು ಆ ರಾಜ್ಯದ ಮೂಡಣ ಎಲ್ಲೆ. ಇಂದೂ ಇದು ಗಡಿಯೇ. ಬೆಂಗಳೂರಿನಿಂದ ಚೆನ್ನೈ ಕಡೆಗೆ ಹೋಗುವ ಹೆದ್ದಾರಿ ನಮ್ಮೂರು ದಾಟಿದರೆ ಆಂಧ್ರ. ಹಾಗಾಗಿ ಪಠ್ಯಪುಸ್ತಕ ಕನ್ನಡದ್ದಾದರೂ ಬಹಳ ಮಕ್ಕಳ ಮನೆಮಾತು ತೆಲುಗು. ನಾನು 'ಆವಿ' ಎಂದರೆ ಮಗು ಮನಸ್ಸಿನಲ್ಲೇ 'ಆವಿರಿ' ಎಂದುಕೊಂಡು ತನ್ನಮ್ಮನ ಇಡ್ಲಿಪಾತ್ರೆಯನ್ನು ಕಾಣುತ್ತದೆ. ಇಂಥ ಮಗುವಿನ ತಲೆಯನ್ನು ಖಾಲಿ ಎನ್ನುವುದು ಹೇಗೆ?

ನಾವು ಬಿ.ಇಡಿ. ಓದುವಾಗ ಕಲಿಕೆಯ ಸಿದ್ಧಾಂತಗಳೆಂದರೆ ನಮಗೂ ಉರು ಹೊಡೆಯುವ ವಿಷಯವೇ ಆಗಿತ್ತು ಎಂದರೆ ನಿಮಗೆ ನಗು ಬರಬಹುದು. ಅಮೆರಿಕದ ಸ್ಕಿನ್ನರ್ ಇಲಿ, ಪಾರಿವಾಳಗಳಿಗೆ ಕಾಳು ಕೊಟ್ಟು ಕಲಿಸಿದವರು. ಪಾಠವನ್ನು ಚಿಕ್ಕಚಿಕ್ಕ ತುಣುಕು ಮಾಡಿ, ಸರಿ ಉತ್ತರಕ್ಕೆ ಕೂಡಲೇ ಬಹುಮಾನ ಕೊಟ್ಟರೆ ಕಲಿಕೆ ನಿಲ್ಲುತ್ತದೆ ಎಂಬುದು ಅವರ ವಾದ. ಮಗ್ಗಿ ಒಪ್ಪಿಸಿದ ಮಗುವಿಗೆ 'ಶಭಾಷ್' ಎನ್ನುವಾಗ ನಾವೆಲ್ಲ ಸ್ಕಿನ್ನರ್ ಶಿಷ್ಯೆಯರೇ. ಸ್ವಿಟ್ಜರ್‌ಲೆಂಡಿನ ಪಿಯಾಜೆ ತಮ್ಮ ಮೂವರು ಮಕ್ಕಳನ್ನೇ ಕಣ್ಣಿಟ್ಟು ನೋಡಿದವರು. ಅಗಲ ಲೋಟದ ಹಾಲನ್ನು ಉದ್ದ ಲೋಟಕ್ಕೆ ಸುರಿದರೆ ಚಿಕ್ಕ ಮಗು 'ಹಾಲು ಜಾಸ್ತಿಯಾಯಿತು' ಎನ್ನುವುದನ್ನು ನಾವೆಲ್ಲ ಅಡುಗೆಮನೆಯಲ್ಲಿ ಕೇಳಿದ್ದೇವೆ. ಅದು ದಡ್ಡತನವಲ್ಲ, ಮಗು ತಾನೇ ಕಟ್ಟಿಕೊಂಡ ಲೆಕ್ಕ ಎಂದರು ಪಿಯಾಜೆ. ಹೊಸ ಅನುಭವ ಆ ಲೆಕ್ಕದೊಳಗೆ ಹಿಡಿಸದಿದ್ದಾಗ ಮಗು ಲೆಕ್ಕವನ್ನೇ ಬದಲಿಸಿಕೊಳ್ಳುತ್ತದೆ.

ಪಿಯಾಜೆ ಹುಟ್ಟಿದ 1896ರಲ್ಲೇ ರಷ್ಯಾದ ವೈಗಾಟ್‌ಸ್ಕಿಯೂ ಹುಟ್ಟಿದರು. 1934ರಲ್ಲಿ, ಮೂವತ್ತೇಳನೆಯ ವಯಸ್ಸಿಗೇ ತೀರಿಕೊಂಡರು. ಮಗು ಒಬ್ಬಂಟಿಯಾಗಿ ಕಲಿಯುವುದಿಲ್ಲ, ಮಾತಿನ ಮೂಲಕ, ಬಲ್ಲವರ ಜೊತೆಯಲ್ಲಿ ಕಲಿಯುತ್ತದೆ ಎಂಬುದು ಅವರ ಕಾಣ್ಕೆ. ಅಮ್ಮ ಚುಕ್ಕಿ ಇಟ್ಟು ಕೊಡುತ್ತಾಳೆ, ಮಗಳು ಗೆರೆ ಎಳೆಯುತ್ತಾಳೆ; ಮುಂದಿನ ಸಂಕ್ರಾಂತಿಗೆ ಚುಕ್ಕಿಯನ್ನೂ ಮಗಳೇ ಇಡುತ್ತಾಳೆ. ರಂಗೋಲಿ ಕಲಿಸಿದ ಪ್ರತಿ ತಾಯಿಗೂ ವೈಗಾಟ್‌ಸ್ಕಿ ಗೊತ್ತು, ಹೆಸರು ಗೊತ್ತಿಲ್ಲ ಅಷ್ಟೆ. ಇನ್ನು ಆಸುಬೆಲ್ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲಿ ಹೇಳಿದ ಮಾತಿನ ತಾತ್ಪರ್ಯ ಇನ್ನೂ ಸರಳ: ಮಗುವಿಗೆ ಆಗಲೇ ಏನು ಗೊತ್ತಿದೆ ಎಂದು ತಿಳಿದುಕೊಂಡು ಅಲ್ಲಿಂದ ಪಾಠ ಶುರುಮಾಡಿ.

ಇವೆಲ್ಲ ಪುಸ್ತಕದ ಬದನೆಕಾಯಿ ಎಂದು ತಳ್ಳಿಹಾಕುವ ಮೊದಲು ನಮ್ಮ ಜಿಲ್ಲೆಯದೇ ಒಂದು ಪಾಠವನ್ನು ನೋಡೋಣ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಹಿಂದಿನವರು ಕೆರೆ ಕಟ್ಟಿ ಬದುಕಿದರು, ನಾವು ಕೊಳವೆಬಾವಿ ಕೊರೆದು ಬದುಕುತ್ತಿದ್ದೇವೆ. ಬಂಡೆಯ ಬಿರುಕುಗಳ ಆಳದಿಂದ ಬರುವ ನೀರಿನಲ್ಲಿ ಕಲ್ಲಿನೊಳಗಿನ ಫ್ಲೋರೈಡ್ ಕರಗಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ. ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರು ಆ ಮಿತಿಯನ್ನು ದಾಟಿದೆ. ಎಳವೆಯಲ್ಲಿ, ಒಸಡಿನೊಳಗೆ ಹಲ್ಲು ಕಟ್ಟಿಕೊಳ್ಳುವ ವಯಸ್ಸಿನಲ್ಲಿ, ಇಂಥ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆ ನಿಲ್ಲುತ್ತದೆ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳಿಗೂ ತೊಂದರೆ.

ಈ ಪಾಠವನ್ನು ಎರಡು ಬಗೆಯಲ್ಲಿ ಕಲಿಸಬಹುದು. ಮೊದಲನೆಯದು ಸುಲಭ. 'ಫ್ಲೋರೋಸಿಸ್ ಎಂದರೇನು?' ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಸಾಲಿನ ಉತ್ತರ ಬರೆದು, ಮೂರು ಸಲ ಹೇಳಿಸಿದರೆ ಆಯಿತು. ಮರುದಿನ ಇಡೀ ತರಗತಿ ಒಂದಕ್ಷರ ತಪ್ಪದೆ ಒಪ್ಪಿಸುತ್ತದೆ. ಆದರೆ ಅದೇ ಮಕ್ಕಳನ್ನು, 'ನಮ್ಮ ಕಡೆಯವರ ಹಲ್ಲಿನಲ್ಲಿ ಕಲೆ ಯಾಕೆ?' ಎಂದು ಕೇಳಿ ನೋಡಿ. 'ಸರಿಯಾಗಿ ಹಲ್ಲುಜ್ಜಲ್ಲ ಮಿಸ್' ಎನ್ನುತ್ತಾರೆ. 'ಫ್ಲೋರೈಡ್ ನೀರನ್ನು ಏನು ಮಾಡಬೇಕು?' ಎಂದರೆ, 'ಕಾಯಿಸಿ ಕುಡೀಬೇಕು' ಎನ್ನುತ್ತಾರೆ.

ಈ ಎರಡನೆಯ ಉತ್ತರವನ್ನು ಸ್ವಲ್ಪ ಗಮನಿಸಿ. ಇದು ಪಾಠ ಕೇಳದ ಮಗುವಿನ ಉತ್ತರವಲ್ಲ, ಚೆನ್ನಾಗಿ ಕೇಳಿದ ಮಗುವಿನ ಉತ್ತರ. ನೀರನ್ನು ಕಾಯಿಸಿ ಆರಿಸಿ ಕುಡಿಯಬೇಕೆಂದು ಪುಸ್ತಕ ಹೇಳಿದೆ, ಆಸ್ಪತ್ರೆಯ ಗೋಡೆ ಹೇಳಿದೆ, ಅಜ್ಜಿ ಹೇಳಿದ್ದಾರೆ. ಕಾಯಿಸಿದರೆ ನೀರಿನ ಕೆಟ್ಟದ್ದು ಹೋಗುತ್ತದೆ ಎಂಬ ಒಂದು ನಿಯಮವನ್ನು ಮಗು ತಾನೇ ಕಟ್ಟಿಕೊಂಡಿದೆ. ರೋಗಾಣುಗಳ ಮಟ್ಟಿಗೆ ಅದು ಸರಿ. ಫ್ಲೋರೈಡಿಗೆ ಮಾತ್ರ ಉಲ್ಟಾ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಉಳಿಯುತ್ತದೆ. ಮೊದಲೇ ಇದ್ದ ಈ ನಿಯಮವನ್ನು ಮುಟ್ಟದೆ ಅದರ ಮೇಲೆ ಇನ್ನೆರಡು ಸಾಲು ಸುರಿದರೆ ಎರಡೂ ಬೇರೆಬೇರೆಯಾಗಿ ಉಳಿದುಬಿಡುತ್ತವೆ. ಒಂದು ಪರೀಕ್ಷೆಗೆ, ಇನ್ನೊಂದು ಬದುಕಿಗೆ.

ಎರಡನೆಯ ಬಗೆಗೆ ಬೇಕಾದದ್ದು ಒಂದು ಪಾತ್ರೆ, ಒಲೆ, ಒಂದು ಹಿಡಿ ಉಪ್ಪು. ಉಪ್ಪುನೀರನ್ನು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಆರಿಸಿ, ನಾಲಿಗೆಗೆ ಒಂದೊಂದು ಹನಿ ಇಟ್ಟರೆ ಸಾಕು. ಉಪ್ಪು ಹೆಚ್ಚಾಗಿರುತ್ತದೆ. 'ನಮ್ಮನೆ ಹಂಡೆ ತಳದಲ್ಲೂ ಬೆಳ್ಳಗೆ ಕಟ್ಟಿರುತ್ತೆ' ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಅದು ಸುಣ್ಣದ ಅಂಶ, ಫ್ಲೋರೈಡ್ ಅಲ್ಲ. ಆದರೆ ಕರಗಿದ್ದೆಲ್ಲ ಆವಿಯ ಜೊತೆ ಹಾರಿಹೋಗುವುದಿಲ್ಲ ಎಂಬುದಕ್ಕೆ ಆ ಹಂಡೆಯೂ ಸಾಕ್ಷಿ. ಇದನ್ನು ಏಳನೆಯ ತರಗತಿಯಲ್ಲಿ ಮಾಡಿ ತೋರಿಸಿದ ಒಂದು ಮಧ್ಯಾಹ್ನ, ಯಾವಾಗಲೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗುವ ಹುಡುಗಿಯೊಬ್ಬಳು ಎದ್ದು ನಿಂತಳು. 'ಹಾಗಾದ್ರೆ ನನ್ನ ಹಲ್ಲು ಹೀಗಿರೋದು ನನ್ನ ತಪ್ಪಲ್ವಾ ಮಿಸ್?' ಎಂದಳು. ಅಲ್ಲವೆಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು: 'ಮತ್ತೆ ನಾವು ಯಾವ ನೀರು ಕುಡೀಬೇಕು?'

ಕಲಿಕೆಯ ಸಿದ್ಧಾಂತ ನೀತಿಯ ಪ್ರಶ್ನೆಯಾಗುವುದು ಇಲ್ಲೇ ಎಂದು ನನಗೆ ತೋರುತ್ತದೆ. ಮೊದಲ ಪ್ರಶ್ನೆ ಆಕೆಯ ಮೇಲಿದ್ದ ಒಂದು ಅಪವಾದವನ್ನು ಇಳಿಸಿತು. ಎರಡನೆಯದು ಅದನ್ನು ದೊಡ್ಡವರಾದ ನಮ್ಮ ಹೆಗಲಿಗೆ ಏರಿಸಿತು. ಉರು ಹೊಡೆಸಿದ ವಿಜ್ಞಾನದಲ್ಲಿ ಈ ಎರಡನೆಯ ಪ್ರಶ್ನೆ ಏಳುವುದೇ ಇಲ್ಲ. ಅದು ಯಾರಿಂದಲೂ ಏನನ್ನೂ ಬೇಡುವುದಿಲ್ಲ. ಬಾಯಿಪಾಠ ಇಷ್ಟು ಕಾಲ ಬಾಳಿ ಬಂದಿರುವುದಕ್ಕೆ ನಮ್ಮ ಸೋಮಾರಿತನ ಒಂದೇ ಕಾರಣವಲ್ಲ. ಅದರಿಂದ ದೊಡ್ಡವರಿಗೆ ನೆಮ್ಮದಿಯಿದೆ.

'ಮನೆಯಲ್ಲಿ ಬೇರೆ ನೀರಿಲ್ಲದ ಮಗುವಿಗೆ, ನೀನು ಕುಡಿಯುವ ನೀರು ಒಳ್ಳೆಯದಲ್ಲ ಎಂದು ಕಲಿಸಿ ಏನು ಸಾಧಿಸಿದಿರಿ? ಸುಮ್ಮನೆ ಭಯ ಹುಟ್ಟಿಸಿದಂತಲ್ಲವೇ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ತಿಳಿವಳಿಕೆ ಕೊಟ್ಟು ದಾರಿ ತೋರಿಸದಿದ್ದರೆ ಅದು ಕ್ರೌರ್ಯವೇ. ಆದ್ದರಿಂದ ಆ ಪಾಠ ಅಲ್ಲಿಗೆ ಮುಗಿಯಬಾರದು. ಶುದ್ಧ ನೀರಿನ ಘಟಕ ಹತ್ತಿರವಿದ್ದರೆ ಆ ನೀರನ್ನು ಕುಡಿಯುವುದಕ್ಕೂ ಅಡುಗೆಗೂ ಮೀಸಲಿಡಬೇಕು, ಕೊಳವೆಬಾವಿಯದನ್ನು ಬಟ್ಟೆ ಪಾತ್ರೆಗೆ ಬಳಸಬೇಕು. ಮಳೆನೀರನ್ನು ಶುಚಿಯಾಗಿ ಹಿಡಿದಿಡಬಹುದು. ರಾಗಿ, ಹಾಲು, ಸೊಪ್ಪು ಹೊಟ್ಟೆ ತುಂಬ ತಿನ್ನುವ ಮಗುವಿಗೆ ಫ್ಲೋರೈಡಿನ ಕಾಟ ಸ್ವಲ್ಪ ಕಡಿಮೆ. ನಮ್ಮೂರ ನೀರನ್ನು ಪರೀಕ್ಷೆ ಮಾಡಿಸಿ ಎಂದು ಪಂಚಾಯಿತಿಗೆ ಅರ್ಜಿ ಬರೆಯುವುದನ್ನು ಕನ್ನಡ ಪೀರಿಯಡ್ಡಿನ ಪತ್ರಲೇಖನದಲ್ಲೇ ಕಲಿಸಬಹುದು. ಇಷ್ಟನ್ನೂ ಸೇರಿಸಿದರೆ ಭಯದ ಜೊತೆಗೆ ಕೈಗೊಂದು ಕೆಲಸವೂ ಸಿಗುತ್ತದೆ.

ಹಾಗೆಂದು ಬಾಯಿಪಾಠವೆಲ್ಲ ಕೆಟ್ಟದ್ದು, ಮಕ್ಕಳು ಎಲ್ಲವನ್ನೂ ತಾವೇ ಕಂಡುಹಿಡಿಯಲಿ ಎನ್ನುವವರ ಜೊತೆಗೂ ನಾನಿಲ್ಲ. ಫ್ಲೋರೈಡ್ ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುವುದಿಲ್ಲ. ಯಾವ ಮಗುವೂ ಅದನ್ನು ತಾನಾಗಿ ಕಂಡುಹಿಡಿಯಲಾರದು, ಬಲ್ಲವರು ಹೇಳಲೇಬೇಕು. ಅಂಕಗಳ ವಿಷಯವೂ ಹಾಗೆಯೇ. ಕೂಲಿ ಮಾಡುವವರ ಮನೆಯ ಹುಡುಗಿಗೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯೇ ಊರು ದಾಟುವ ಬಸ್ ಪಾಸು. ಆ ಎರಡು ಸಾಲಿನ ಉತ್ತರವನ್ನು ಆಕೆಗೆ ಕೊಡದೆ ಇರುವುದೂ ಅನ್ಯಾಯವೇ. ನಾನು ಹೇಳುವುದು ಕ್ರಮದ ಬಗ್ಗೆ: ಮೊದಲು ಕೇಳೋಣ, ಆಮೇಲೆ ಮಾಡಿ ತೋರಿಸೋಣ, ಕೊನೆಗೆ ಬರೆಸಿ ನೆನಪಿಡಿಸೋಣ. ಸ್ಕಿನ್ನರ್ ಇರಲಿ, ಆದರೆ ಕೊನೆಯ ಬೆಂಚಿನಲ್ಲಿ ಕೂರಲಿ.

ಗೌರಿಬಿದನೂರಿನ ಹೊಸೂರು ಈಗ ಚಿಕ್ಕಬಳ್ಳಾಪುರಕ್ಕೆ ಸೇರಿದ್ದರೂ ಆಗ ಕೋಲಾರ ಜಿಲ್ಲೆಯದೇ. ಅಲ್ಲಿ 1920ರಲ್ಲಿ ಬಡ ಮನೆಯಲ್ಲಿ ಹುಟ್ಟಿ ಭೌತಶಾಸ್ತ್ರದ ಮೇಷ್ಟರಾದವರು ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ಅದೇ ವರ್ಷದ ತಿದ್ದುಪಡಿಯಲ್ಲಿ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ಪ್ರಜೆಯ ಕರ್ತವ್ಯ ಎಂಬ ಮಾತು ನಮ್ಮ ಸಂವಿಧಾನಕ್ಕೆ ಸೇರಿತು. ಆದರೆ ಟೀಚರ್ ಹೇಳಿದರು ಎಂಬ ಒಂದೇ ಕಾರಣಕ್ಕೆ ವಿಜ್ಞಾನವನ್ನು ನಂಬಿದ ಮಗು, ನಾಳೆ ಇನ್ನಾರೋ ಹೇಳಿದರೆಂದು ಏನನ್ನು ಬೇಕಾದರೂ ನಂಬೀತು. ಮನೋಭಾವವನ್ನು ಡಿಕ್ಟೇಶನ್ ಕೊಟ್ಟು ಬರೆಸಲಾಗುವುದಿಲ್ಲ.

ನೀವು ಟೀಚರ್ ಅಲ್ಲದಿರಬಹುದು, ಆದರೆ ಸಂಜೆ ಮಕ್ಕಳ ಪುಸ್ತಕ ತಿರುವಿ ನೋಡುವವರು ನೀವೇ. 'ಇವತ್ತು ಎಷ್ಟು ಪ್ರಶ್ನೋತ್ತರ ಬರೆಸಿದರು?' ಎನ್ನುವುದರ ಜೊತೆಗೆ, 'ಇವತ್ತು ನೀನು ಏನು ಕೇಳಿದೆ?' ಎಂದೂ ಕೇಳಿ. ಅಡುಗೆಮನೆಯಲ್ಲಿ ನೀರು ಕುದಿಯುವಾಗ ಹತ್ತಿರ ಕರೆದು, 'ಇದರಲ್ಲಿ ಏನು ಹೋಗುತ್ತೆ, ಏನು ಉಳಿಯುತ್ತೆ?' ಎಂದು ಕೇಳಿ. ಮಗು ಹೇಳುವುದು ತಪ್ಪಾಗಿದ್ದರೂ ಪೂರ್ತಿ ಹೇಳಿ ಮುಗಿಸಲು ಬಿಡಿ. ಕೆಲವು ಪ್ರಶ್ನೆಗಳಿಗೆ ನಮ್ಮಲ್ಲಿ ಉತ್ತರ ಇರಲಾರದು. ಇನ್ನು ಕೆಲವಕ್ಕೆ ಉತ್ತರ ಕೊಡಲು ಪಂಚಾಯಿತಿಯವರೆಗೂ ನಡೆಯಬೇಕಾಗಬಹುದು. ಮಕ್ಕಳಿಗೆ ವಿಜ್ಞಾನ ಕಲಿಸಬೇಕೆಂದು ಒಪ್ಪಿಕೊಂಡ ಮೇಲೆ ಅಷ್ಟು ನಡೆಯುವುದಕ್ಕೂ ನಾವು ಒಪ್ಪಿಕೊಂಡಂತೆಯೇ.