ಮಗು ಬಂದರೂ ಅದೇ ಬೆಲೆ

ಗಿರಾಕಿಯ ನಂಬಿಕೆ ಗಳಿಸಿದರೆ ವ್ಯಾಪಾರ ತಾನಾಗಿ ಬೆಳೆಯುತ್ತದೆ ಎಂಬುದು ಉದ್ಯಮಿಗಳಿಗೆ ಎಲ್ಲ ಕಾಲದಲ್ಲೂ ಸಿಕ್ಕಿರುವ ಸಲಹೆ. ಸಲಹೆ ಸುಳ್ಳಲ್ಲ. ಆದರೆ ಲಾಭ ತರುತ್ತದೆಂದು ಪಾಲಿಸಿದ ಪ್ರಾಮಾಣಿಕತೆಗೆ ನೈತಿಕ ಮೌಲ್ಯ ಇದೆಯೇ ಎಂಬ ಪ್ರಶ್ನೆ ಅದರೊಳಗೇ ಕುಳಿತಿದೆ.

ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಪ್ರಕಟಿಸಿದ ನೀತಿಶಾಸ್ತ್ರದ ಗ್ರಂಥದಲ್ಲಿ ಒಬ್ಬ ಅಂಗಡಿಕಾರ ಬರುತ್ತಾನೆ. ಏನೂ ತಿಳಿಯದ ಗಿರಾಕಿಯಿಂದಲೂ ಅವನು ಹೆಚ್ಚು ಹಣ ಕೀಳುವುದಿಲ್ಲ. ಎಲ್ಲರಿಗೂ ಒಂದೇ ದರ. ಮಗು ಬಂದರೂ ಮೋಸವಿಲ್ಲ. ಅವನ ನಡತೆ ಕರ್ತವ್ಯಕ್ಕೆ ಹೊಂದುತ್ತದೆ ಎಂದು ಕಾಂಟ್ ಒಪ್ಪುತ್ತಾನೆ. ಆದರೆ ಹಾಗೆ ನಡೆಯಲು ಅವನ ಸ್ವಂತ ಹಿತವೇ ಸಾಕಾಗಿರುವುದರಿಂದ, ಅದು ಕರ್ತವ್ಯಪ್ರಜ್ಞೆಯಿಂದಲೇ ಹುಟ್ಟಿತು ಎನ್ನಲು ಆಧಾರವಿಲ್ಲ. ಕಾಂಟ್ ವ್ಯಾಪಾರವನ್ನು ದೂರದಿಂದ ನೋಡಿದವನೂ ಅಲ್ಲ. ಅವನು ಬದುಕಿದ ಕೋನಿಗ್ಸ್‌ಬರ್ಗ್ ಬಂದರಿನ ಊರು. ಅಲ್ಲಿನ ಇಂಗ್ಲಿಷ್ ವರ್ತಕ ಜೋಸೆಫ್ ಗ್ರೀನ್ ಅವನ ಆಪ್ತ ಗೆಳೆಯ. ತನ್ನ ಉಳಿತಾಯವನ್ನು ಅವನು ಹೂಡಿದ್ದೂ ಗ್ರೀನನ ವ್ಯಾಪಾರದಲ್ಲೇ.

ಇದೇ ಮಗು ಅದಕ್ಕೂ ಮೊದಲೇ ಇಂಗ್ಲೆಂಡಿನಲ್ಲಿ ಅಂಗಡಿಗೆ ಹೋಗಿತ್ತು. ಆ ಕತೆ ಹೇಳುವ, ಕ್ವೇಕರ್ ಪಂಥದ ಸ್ಥಾಪಕ ಜಾರ್ಜ್ ಫಾಕ್ಸ್‌ನ ದಿನಚರಿ ಅಚ್ಚಾದದ್ದು 1694ರಲ್ಲಿ. ಮಾರಲು ಒಪ್ಪಿರುವ ಬೆಲೆಗಿಂತ ಹೆಚ್ಚು ಹೇಳಿ ಚೌಕಾಸಿಗೆ ಇಳಿಯುವುದು ಕ್ವೇಕರರ ಕಣ್ಣಿಗೆ ಸುಳ್ಳೇ. ಆಣೆ ಇಡುವುದನ್ನು ಅವರು ನಿರಾಕರಿಸಿದ್ದೂ ಇದೇ ಕಾರಣಕ್ಕೆ: ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ. ಮೊದಮೊದಲು ಜನ ಅವರ ಅಂಗಡಿಗಳಿಂದ ದೂರ ಉಳಿದರು. ಬರಬರುತ್ತಾ, ಮಗುವನ್ನು ಕಳಿಸಿದರೂ ತಾವೇ ಹೋದಷ್ಟು ಸರಿಯಾದ ಸಾಮಾನು ಸಿಗುತ್ತದೆ ಎಂದು ಕಂಡುಕೊಂಡರು. ಕೊನೆಗೆ, ನಾಡಿನ ವ್ಯಾಪಾರವೆಲ್ಲ ಇವರ ಕೈಸೇರುತ್ತದೆ ಎಂದು ವಿರೋಧಿಗಳು ಗೊಣಗಿದರಂತೆ. ಇಲ್ಲಿ ಗಮನಿಸಬೇಕಾದದ್ದು ಕ್ರಮ. ಗಿರಾಕಿ ಕೈತಪ್ಪುತ್ತಿದ್ದಾಗಲೂ ಅವರು ಒಂದೇ ಬೆಲೆ ಬಿಡಲಿಲ್ಲ. ಬೆಳವಣಿಗೆ ಹಿಂದಿನಿಂದ ಬಂತು. ಕಾಂಟ್ ಕೇಳುವ ಪುರಾವೆ ಸಿಗುವುದಾದರೆ ಸಿಗುವುದು ಆ ನಷ್ಟದ ದಿನಗಳಲ್ಲಿ.

ನಂಬಿಕೆ ಬಂಡವಾಳವಾದ ಮೇಲೆ ಪರೀಕ್ಷೆ ಇನ್ನೂ ಕಠಿಣ. ಬರ್ಮಿಂಗ್‌ಹ್ಯಾಮ್‌ನ ಕ್ವೇಕರ್ ಮನೆತನ ಕ್ಯಾಡ್‌ಬರಿ 1866ರಲ್ಲಿ ಕಲಬೆರಕೆಯಿಲ್ಲದ ಕೋಕೋ ಪುಡಿ ತಂದಿತು. ಕೋಕೋಗೆ ಪಿಷ್ಟ ಬೆರೆಸುವುದು ಮಾಮೂಲಾಗಿದ್ದ ಆ ಕಾಲದಲ್ಲಿ ಶುದ್ಧತೆಯೇ ಜಾಹೀರಾತಾಯಿತು. ಸಂಸ್ಥೆಯ ಬೆಳವಣಿಗೆಗೆ ತಿರುವು ಸಿಕ್ಕಿತು. ಇಲ್ಲಿ ಸತ್ಯ ಮತ್ತು ಲಾಭ ಒಂದೇ ದಾರಿಯಲ್ಲಿದ್ದವು. 1901ರ ಹೊತ್ತಿಗೆ ದಾರಿ ಕವಲೊಡೆಯಿತು. ತಾನು ಕೋಕೋ ಕೊಳ್ಳುತ್ತಿದ್ದ ಪೋರ್ಚುಗೀಸರ ಸಾವೊ ತೊಮೆ ದ್ವೀಪದಲ್ಲಿ ದುಡಿಯುವವರು ಹೆಸರಿಗೆ ಕರಾರಿನ ಕೂಲಿಗಳು, ನಿಜದಲ್ಲಿ ಗುಲಾಮರು ಎಂಬ ಸುದ್ದಿ ಸಂಸ್ಥೆಗೆ ಮುಟ್ಟಿತು. ವಿಚಾರಣೆಗೆ ಜೋಸೆಫ್ ಬರ್ಟ್‌ನನ್ನು ಕಳಿಸಿತು, ಸರ್ಕಾರದೊಂದಿಗೆ ಮಾತುಕತೆ ನಡೆಸಿತು. ಖರೀದಿ ನಿಲ್ಲಿಸಿದ್ದು 1909ರಲ್ಲಿ. ಒಳಗಿದ್ದು ಒತ್ತಡ ಹಾಕಿದರೆ ಸುಧಾರಣೆ ಸಾಧ್ಯ ಎಂಬುದು ಅವರ ವಾದ. ಆ ವಾದದಲ್ಲಿ ಪ್ರಾಮಾಣಿಕತೆ ಇದ್ದಿರಬಹುದು. ಆದರೆ ಆ ವರ್ಷಗಳ ಕೋಕೋ ಬಿಡಿಸಿದ ಕೈಗಳಿಗೆ ಅದರಿಂದ ಬಿಡುಗಡೆ ಸಿಗಲಿಲ್ಲ.

ಈ ವಿಳಂಬವನ್ನು ಕಪಟವೆಂದು ಜರೆದ ‘ಸ್ಟ್ಯಾಂಡರ್ಡ್’ ಪತ್ರಿಕೆಯ ಮೇಲೆ ಸಂಸ್ಥೆ ಮಾನನಷ್ಟ ಮೊಕದ್ದಮೆ ಹೂಡಿತು. 1909ರ ಕೊನೆಯಲ್ಲಿ ತೀರ್ಪು ಸಂಸ್ಥೆಯ ಪರವಾಗಿಯೇ ಬಂತು. ಆದರೆ ಜ್ಯೂರಿ ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್, ಅಂದರೆ ಪೆನ್ನಿಯ ಕಾಲು ಭಾಗ. ಉದ್ದೇಶವನ್ನು ಹೊರಗಿನವರು ಕಾಣಲಾರರು. ತನ್ನದೇ ಮನಸ್ಸನ್ನು ಎಷ್ಟು ಕೆದಕಿದರೂ ಸ್ವಾರ್ಥ ಅಲ್ಲಿ ಅಡಗಿಲ್ಲವೆಂದು ಯಾರೂ ಖಚಿತವಾಗಿ ಹೇಳಲಾರರು ಎಂದು ಕಾಂಟ್ ಅದೇ ಗ್ರಂಥದಲ್ಲಿ ಬರೆದಿದ್ದ.